ಗಂಗೋತ್ರಿ ಅಕ್ಕನ ಚಿನ್ನದ ನೀರು

ನನ್ನ ದೊಡ್ಡಪ್ಪನ ಮಗಳು ಗಂಗೋತ್ರಿ ಕುರೆಕುಪ್ಪದ ಮನೆಯಿಂದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವಳ ಕೆಲಸವನ್ನು ನನಗೆ ಅರ್ಥವಾದಷ್ಟೇ ಬರೆಯುತ್ತೇನೆ. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡಿದರೆ ಅವು ಬೆರೆತ ನೀರು ಕೆಂಪಗೆ ಕಾಣುತ್ತದೆ. ಅದಕ್ಕೆ ಅಷ್ಟೇ ಸಣ್ಣ, ತಿರುಚಿದ ಎಳೆಗಳನ್ನು ಹಾಕಿದರೆ, ಕಣಗಳು ಯಾರೂ ಜೋಡಿಸದೆ ತಾವೇ ಎಳೆಯ ಸುತ್ತ ಸುರುಳಿ ಮೆಟ್ಟಿಲಿನಂತೆ ಸಾಲುಗಟ್ಟುತ್ತವೆ. ಬೆಳಕನ್ನು ಎಡಕ್ಕೆ ಅಥವಾ ಬಲಕ್ಕೆ ತಿರುಗುವಂತೆ ಮಾಡಿ ಅದರೊಳಗೆ ಹಾಯಿಸಬಹುದಂತೆ. ಆ ಸುರುಳಿ ಒಂದು ಬಗೆಯ ಬೆಳಕನ್ನು ಹೆಚ್ಚು ಹೀರುತ್ತದೆ, ಇನ್ನೊಂದನ್ನು ಕಡಿಮೆ.

ಅಕ್ಕ ಈ ವ್ಯತ್ಯಾಸವನ್ನು ಒಮ್ಮೆ ಅಳೆದು ಕಂಡಿದ್ದಳು. ಇನ್ನೊಮ್ಮೆ ತೋರಿಸದಿದ್ದರೆ ಯಾರೂ ನಂಬುವುದಿಲ್ಲ, ಸಂಶೋಧನೆಯ ಅವಧಿಯೂ ಮುಂದುವರಿಯುವುದಿಲ್ಲ ಎಂದು ಅವಳ ಮಾರ್ಗದರ್ಶಕರು ಹೇಳಿದ್ದರು. ಅಳೆಯುವ ಯಂತ್ರ ಇದ್ದದ್ದು ಬೆಂಗಳೂರಿನಲ್ಲಿ. ಎಳೆಗಳು ಮುಗಿದು, ಅವನ್ನು ಬೆರೆಸಿದ ನೀರು ಒಂದೇ ಸೀಸೆ ಉಳಿದಿತ್ತು. ಬೆಳಗಿನ ರೈಲು ಹಿಡಿಯಬೇಕೆಂದು ಅದನ್ನು ಹಿಂದಿನ ಸಂಜೆ ಮನೆಗೆ ತಂದಳು.

ಪಕ್ಕದ ಮನೆಯ ಹಂಪಕ್ಕ ಇಣುಕಿದಳು. “ಬಂಗಾರದ ನೀರಂತಲ್ಲಲೇ! ಒಂದು ಮೂಗುಬಟ್ಟಾದ್ರೂ ಆಕ್ಕತೇನು?”

“ನಿನ್ನ ಮೂಗಿಗೆ ಸಾಲಂಗಿಲ್ಲ ಬಿಡು, ಹಂಪಕ್ಕ,” ಎಂದು ಅಕ್ಕ ನಕ್ಕಳು.

ಹಂಪಕ್ಕನ ಹಿಂದೆ ಓಣಿಯೇ ನೋಡಲು ಬಂತು. ಎಲ್ಲರೂ ಹೋದ ಮೇಲೆ ಅಕ್ಕ ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದಳು. ಅಷ್ಟು ಜನರ ಕಣ್ಣು ಬಿದ್ದದ್ದು ಅವಳ ತಾಯಿ ಎರ್ರೆಮ್ಮ ದೊಡ್ಡಮ್ಮನಿಗೆ ಸರಿಬರಲಿಲ್ಲ. ನಮ್ಮಲ್ಲಿ ದೃಷ್ಟಿ ತೆಗೆದ ಉಪ್ಪನ್ನು ನೀರಿಗೆ ಹಾಕುತ್ತಾರೆ, ಅದು ಕರಗಿದಂತೆ ದೃಷ್ಟಿಯೂ ಕರಗಲಿ ಎಂದು. ದೊಡ್ಡಮ್ಮ ಸೀಸೆಗೆ ಉಪ್ಪು ನಿವಾಳಿಸಿದಳು. ಒಳಗಿರುವುದೂ ನೀರೇ ಅಲ್ಲವೇ ಎಂದುಕೊಂಡು, ಮುಚ್ಚಳ ತೆಗೆದು ಒಂದೆರಡು ಹರಳನ್ನು ಅದರೊಳಗೇ ಹಾಕಿದಳು.

ಕೆಂಪು ನೀರು ನೋಡನೋಡುತ್ತ ನೀಲಿಯಾಗಿ, ಕಪ್ಪಿಟ್ಟಿತು.

“ಗಂಗೋತ್ರಿ, ಜಲ್ದಿ ಬಾ ಇಲ್ಲಿ! ಎಷ್ಟು ದೃಷ್ಟಿ ಆಗಿತ್ತು ನೋಡು, ಹೆಂಗ ಕರ್ರಗಾತು! ಇನ್ನ ಚಿಂತಿ ಬ್ಯಾಡವ್ವ.”

ಅಕ್ಕ ಬಂದು ಬಾಗಿಲು ಹಿಡಿದು ನಿಂತಳು. ಉಪ್ಪು ಬಿದ್ದರೆ ಕಣಗಳು ಮುದ್ದೆಗಟ್ಟುತ್ತವೆ, ಸುರುಳಿ ಉಳಿಯುವುದಿಲ್ಲ ಎಂದು ನನಗೆ ಆಮೇಲೆ ಹೇಳಿದಳು. ಆಗ ಹೇಳಲಿಲ್ಲ. ದೊಡ್ಡಮ್ಮನ ಮುಖದಲ್ಲಿ ಅಷ್ಟು ನೆಮ್ಮದಿ ಇತ್ತು.

“ಚಲೋ ಮಾಡಿದಿ ಬಿಡಬೇ,” ಎಂದಳು.

ಹೋಗದಿದ್ದರೆ ಯಾಕೆಂದು ತಾಯಿ ಕೇಳುತ್ತಾಳೆಂದು ಬೆಳಿಗ್ಗೆ ರೈಲು ಹತ್ತಿದಳು. ಯಂತ್ರ ತೋರಿಸಿದ್ದು ಸಪಾಟು ಗೆರೆ; ಎರಡು ಬಗೆಯ ಬೆಳಕಿಗೂ ಏನೂ ವ್ಯತ್ಯಾಸವಿರಲಿಲ್ಲ.

ಈಗ ಅವಳು ಸಂಡೂರಿನ ಗಣಿಯೊಂದರಲ್ಲಿ ಅದಿರು ಪರೀಕ್ಷೆ ಮಾಡುತ್ತಾಳೆ. ಸಂಶೋಧನೆ ಯಾಕೆ ಬಿಟ್ಟೆ ಎಂದರೆ, ನನಗೇ ಬೇಸರ ಬಂತು ಎನ್ನುತ್ತಾಳೆ.

“ಅಷ್ಟು ಕಷ್ಟಪಟ್ಟು ಓದಿಸಿದ್ವಿ, ನಡುವ ಕೈಬಿಟ್ಲು. ಭಾಳ ಸೊಕ್ಕು,” ಎಂದು ದೊಡ್ಡಮ್ಮ ಅವಳೆದುರಿಗೇ ಬಯ್ಯುತ್ತಾಳೆ. ಅಕ್ಕ ತಲೆ ಬಗ್ಗಿಸಿಕೊಂಡು ರೊಟ್ಟಿ ಮುರಿಯುತ್ತಾಳೆ.