ಗಾಡಿ ಓಡಿದ ದಿನ ಮೊಸರು ಹುಳಿ

ನಮ್ಮ ಚಿಗವ್ವ ಸೈಕಲ್ ಹೊಡೆದಿದ್ದಳೋ ಇಲ್ಲವೋ ಎಂಬ ಬಗ್ಗೆ ನನ್ನ ತಾಯಿಯ ತವರಿನಲ್ಲಿ ಎರಡು ಹೇಳಿಕೆಗಳಿದ್ದವು. ಚಿಗವ್ವನ ಪ್ರಕಾರ, ಹುಡುಗಿಯಾಗಿದ್ದಾಗ ಅವಳು ನರಗುಂದದ ಗುಡ್ಡದ ಕೆಳಗಿನ ಓಣಿಯಲ್ಲಿ ಅಪ್ಪನ ಸೈಕಲ್ ಹತ್ತಿ, ಇಳಿಜಾರಿನುದ್ದಕ್ಕೂ ಹೊಡೆದುಕೊಂಡು ಬಾವಿಯವರೆಗೆ ಹೋಗಿ, ಅಲ್ಲಿ ಗಟಾರಕ್ಕೆ ಬಿದ್ದು ಕೈ ಮುರಿದುಕೊಂಡಳು. ದೊಡ್ಡವ್ವನ ಪ್ರಕಾರ, ಅವಳು ಸೈಕಲ್ ಹತ್ತಲೇ ಇಲ್ಲ; ನೂಕಿಕೊಂಡು ಹೋಗುವಾಗ ಕಾಲು ತೊಡರಿ ಬಿದ್ದಳು. ನಡು ಮಧ್ಯಾಹ್ನದ ಆ ಓಣಿಯಲ್ಲಿ ಇದ್ದವರು ಅಕ್ಕತಂಗಿ ಇಬ್ಬರೇ. ನಡುವಿನವಳಾದ ನನ್ನ ತಾಯಿ ಸಾಲಿ ಕಲಿಯಲು ಹೋಗಿದ್ದಳು, ಹಾಗಾಗಿ ಅವಳು ಯಾವ ಪಕ್ಷಕ್ಕೂ ಸೇರಲಿಲ್ಲ. ಸಾಕ್ಷಿ ಎಂದರೆ ದೊಡ್ಡವ್ವ ಒಬ್ಬಳೇ, ಅವಳೋ ಎದುರು ಪಕ್ಷ.

ಎರಡೂ ಕಡೆಯವರನ್ನು ಕೇಳಿ ಬರೆಯುವುದು ನನ್ನ ವೃತ್ತಿ. ಆ ವರ್ಷಗಳಲ್ಲಿ ನಾನು ರೋಣದಲ್ಲಿ ಚಿಗವ್ವನ ಮನೆಯಲ್ಲಿದ್ದು, ಹುಬ್ಬಳ್ಳಿಯ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಎರಡು ಸಾವಿರದ ದಶಕದ ನಡುಭಾಗ. ಇಂಟರ್ನೆಟ್ ಎಂಬುದು ಮನೆಯ ಫೋನ್ ತಂತಿಯ ಮೇಲೆ ತೆವಳಿಕೊಂಡು ಬರುತ್ತಿತ್ತು. ಸುದ್ದಿಗೆಂದು ಕೊಂಡ ಕಂಪ್ಯೂಟರ್ ಪಡಸಾಲೆಯ ಮೂಲೆಯಲ್ಲಿತ್ತು. ಬೆಳಿಗ್ಗೆ ನಾನು ಸುದ್ದಿ ಬರೆದು ಎದ್ದರೆ, ಮಧ್ಯಾಹ್ನ ಅದು ಚಿಗವ್ವನದು.

ಕಂಪ್ಯೂಟರಿನ ಜೊತೆಗೇ ಒಂದು ಆಟ ಬಂದಿತ್ತು. ಗುಡ್ಡದ ರಸ್ತೆಯಲ್ಲಿ ಕಾರು ಓಡಿಸುವ ಆಟ. ನಾನು ಆಡುವಾಗ ಚಿಗವ್ವ ಹಿಂದೆ ನಿಂತು ಅಕ್ಕಿ ಆರಿಸುತ್ತ ನೋಡುತ್ತಿದ್ದಳು. ಒಂದು ದಿನ, ಬ್ರೇಕು ಯಾವ ಗುಂಡಿ ಎಂದು ಕೇಳಿದಳು. ಚಳಿಗಾಲ ಬರುವುದರೊಳಗೆ ನಾನು ದಾಟಲಾರದ ತಿರುವುಗಳನ್ನು ಅವಳು ಸೆರಗು ಸಿಕ್ಕಿಸಿಕೊಂಡು ಕುಳಿತು ದಾಟುತ್ತಿದ್ದಳು. ಆಡುವಾಗ ಸುಮ್ಮನಿರುತ್ತಿರಲಿಲ್ಲ. ಮುಂದಿನ ಕಾರುಗಳಿಗೆ ತಗ್ಗಿದ ದನಿಯಲ್ಲಿ "ಬಾಜೂ ಸರೀರಿ, ಬಾಜೂ ಸರೀರಿ" ಎನ್ನುತ್ತಲೇ ಇರುತ್ತಿದ್ದಳು. ಐವತ್ತು ದಾಟಿದ ಹೆಂಗಸು ಪರದೆಯ ಮೇಲಿನ ಕಾರುಗಳಿಗೆ ಮರ್ಯಾದೆ ಕೊಟ್ಟು ಮಾತಾಡುವುದು ಹತ್ತಿ ಅಡತಿ ಅಂಗಡಿಯಿಂದ ಊಟಕ್ಕೆ ಬರುವ ಅವಳ ಗಂಡ, ನಮ್ಮ ಕಾಕಾಗೆ ದಿನದ ಮನರಂಜನೆ. ನನಗಂತೂ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿಲ್ಲ ಎನ್ನುತ್ತಿದ್ದರು.

ದೊಡ್ಡವ್ವ ಗಜೇಂದ್ರಗಡದಲ್ಲಿ, ಸೀರೆ ಅಂಗಡಿಯವರ ಮನೆಯ ಹಿರಿಯ ಸೊಸೆ. ಮೊಣಕಾಲು ನೋವಿನಿಂದ ಬಸ್ಸು ಹತ್ತುವುದನ್ನು ಬಿಟ್ಟಿದ್ದಳು. ವಾರಕ್ಕೊಮ್ಮೆ ಫೋನಿನಲ್ಲಿ ಮಾತು. ಅಂಥ ಒಂದು ಮಾತಿನಲ್ಲಿ ಚಿಗವ್ವ ತಾನೀಗ ಮೋಟಾರು ಹೊಡೆಯುವುದಾಗಿ ಹೇಳಿದಳು, ಕಂಪ್ಯೂಟರಿನಲ್ಲಿ ಎಂಬುದನ್ನು ಕೊನೆಗೆ ಸೇರಿಸಿದಳು. ಆಚೆಯಿಂದ ಬಂದ ಉತ್ತರ ಪಡಸಾಲೆಯಲ್ಲಿದ್ದ ನನಗೂ ಕೇಳಿತು.

"ಸೈಕಲ್ ಹತ್ತದಾಕಿ ಮೋಟಾರ್ ಹತ್ತಿದ್ಲಂತ."

ಚಿಗವ್ವ ಫೋನಿಟ್ಟಳು. ನಂತರ ನನ್ನ ಕಡೆ ತಿರುಗಿ, "ಅಕಿಗೆ ತೋರಸಬೇಕು ತಮ್ಮಾ," ಎಂದಳು. "ಒಮ್ಮೆ ಆದ್ರೂ ಅಕಿ ಹೌದು ಅನಬೇಕು."

ಆಟದ ಬಗ್ಗೆ ಮಾತ್ರ ಹೇಳುತ್ತಿಲ್ಲ ಎಂಬುದು ನನಗೆ ತಿಳಿಯಿತು.

ಗಜೇಂದ್ರಗಡದ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಟಿವಿ ಮತ್ತು ಸೀಡಿ ಪ್ಲೇಯರ್ ಇದ್ದವು. ಆಟವನ್ನು ಆಡುತ್ತಿರುವಾಗಲೇ ಕಂಪ್ಯೂಟರಿನಲ್ಲಿ ದಾಖಲಿಸಿ, ಸೀಡಿಗೆ ಇಳಿಸಿ ಒಯ್ಯಬಹುದು ಎಂದು ಹೇಳಿದವನು ನನ್ನ ಗೆಳೆಯ. ಬಜಾರಿನಲ್ಲಿ ಮದುವೆ ವಿಡಿಯೋ ತೆಗೆಯುವ ಅಂಗಡಿ ಅವನದು. ಅವನ ಅಣ್ಣಂದಿರು ಹತ್ತಿ ತುಂಬಿ ಗಾದಿ ಹೊಲಿಯುವವರು, ಅಪ್ಪ ಸವಡಿ ರಸ್ತೆಯಲ್ಲಿ ಹೊಲ ಮಾಡುತ್ತಿದ್ದರು. ನಾನು ಅವನನ್ನು ಭಾಯಿ ಎನ್ನುತ್ತಿದ್ದೆ. ಪರದೆಯ ಮೇಲೆ ನಡೆಯುವುದನ್ನೆಲ್ಲ ಹಿಡಿದಿಡುವ ಒಂದು ಸಣ್ಣ ತಂತ್ರಾಂಶವನ್ನು ಅವನೇ ತಂದು ಹಾಕಿಕೊಟ್ಟ.

ಮೊದಲ ದಾಖಲೆ ನೋಡಿ ಚಿಗವ್ವನ ಮುಖ ಸಣ್ಣದಾಯಿತು. ಆಡುವಾಗ ಎಣ್ಣೆ ಹಚ್ಚಿದಂತೆ ಸಾಗಿದ ಕಾರು, ದಾಖಲೆಯಲ್ಲಿ ಮುಗ್ಗರಿಸುತ್ತಿತ್ತು. ಎರಡು ಮಾರು ಓಡುವುದು, ನಿಲ್ಲುವುದು, ಆಮೇಲೆ ಒಮ್ಮೆಲೇ ತಿರುವಿನ ಆಚೆ ಕಾಣಿಸುವುದು. ತಿರುವೇ ಮಾಯ. ಅವಳ ಹೆಗ್ಗಳಿಕೆಯೆಲ್ಲ ಇದ್ದದ್ದು ಆ ತಿರುವುಗಳಲ್ಲೇ.

"ಇದನ್ನ ನೋಡಿದ್ರ ಅಕಿ ಏನಂತಾಳ ಗೊತ್ತೈತೇನು? ನೂಕಿಕೋತ ಹೋಗ್ಯಾಳ ಅಂತಾಳ."

ಭಾಯಿ ಕಾರಣ ವಿವರಿಸಿದ. ಒಂದೇ ಯಂತ್ರ ಆಟವನ್ನೂ ನಡೆಸಬೇಕು, ಅದರ ಪ್ರತಿ ಚಿತ್ರವನ್ನೂ ಬರೆದಿಡಬೇಕು. ಎರಡು ಕೆಲಸಕ್ಕೆ ಒಂದೇ ಜೀವ. ಏಗಲಾರದಾದಾಗ ನಡುವಿನ ಚಿತ್ರಗಳನ್ನು ಬಿಟ್ಟುಬಿಡುತ್ತದೆ. ಹೊರೆ ಇಳಿಸುವುದೊಂದೇ ದಾರಿ. ನಾವು ಒಂದೊಂದಾಗಿ ಇಳಿಸಿದೆವು. ವೈರಸ್ ಬಾರದಂತೆ ಕಾಯುವ ತಂತ್ರಾಂಶವನ್ನು ಆ ಹೊತ್ತಿಗೆ ಮಲಗಿಸಿದೆವು. ದಾಖಲಿಸುವ ಚಿತ್ರದ ಅಳತೆಯನ್ನು ಅರ್ಧಕ್ಕೆ ತಂದೆವು. ಆಟ ಒಂದು ಡಿಸ್ಕಿನಲ್ಲಿ, ದಾಖಲೆ ಇನ್ನೊಂದರಲ್ಲಿ ಇರಲೆಂದು ಭಾಯಿ ತನ್ನ ಹಳೆಯ ಡಿಸ್ಕೊಂದನ್ನು ಜೋಡಿಸಿದ. ಕೊನೆಗೆ ಮೈಕನ್ನು ಕಿತ್ತಿಟ್ಟೆವು. ಧ್ವನಿ ಇಲ್ಲದ ಚಿತ್ರ ಕಾಲೂರಿ ನಡೆಯಿತು. ಕಾರು ಮೇಲಿಂದ ಕೆಳಗಿನವರೆಗೂ ಮುಗ್ಗರಿಸದೆ ಬಂತು.

ನೇಕಾರರ ಸಭೆಯ ಸುದ್ದಿಗೆ ಗಜೇಂದ್ರಗಡಕ್ಕೆ ಹೋಗುವುದಿತ್ತು. ಸೀಡಿ ಚೀಲದಲ್ಲಿ ಹಾಕಿಕೊಂಡು ಹೋದೆ. ದೊಡ್ಡವ್ವ ಚಷ್ಮಾ ಒರೆಸಿ ಹಾಕಿಕೊಂಡು, ಮೊಣಕಾಲು ನೀವಿಕೊಳ್ಳುತ್ತ, ಪೂರ್ತಿ ನೋಡಿದಳು. ಮುಗಿದ ಮೇಲೆ ಕೇಳಿದಳು:

"ಇದರಾಗ ನಿಮ್ಮ ಚಿಗವ್ವ ಎಲ್ಲಿ ಅದಾಳ?"

ಕಾರು ಓಡಿಸುತ್ತಿರುವವಳೇ ಅವಳು ಎಂದೆ.

"ಕಾರ್ ಕಾಣಸ್ತೈತಿ. ಅಕಿ ಕಾಣವಲ್ಲಳು. ನೀನ ಹೊಡದಿರಬಹುದು, ಆ ವಿಡಿಯೋದ ಹುಡುಗ ಹೊಡದಿರಬಹುದು. ನಿಮ್ಮ ಪೇಪರಿನ್ಯಾಗ ಹಿಂಗ ಬರದ್ರ ನಡಿತೈತೇನು?"

ನಡೆಯುವುದಿಲ್ಲ ಎಂದು ಒಪ್ಪಿಕೊಂಡು, ಅವಳು ಕೊಟ್ಟ ಚಹಾ ಕುಡಿದು ಬಂದೆ.

ಚಿಗವ್ವ ಬೇಸರ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಅಕ್ಕನ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿ ಕೇಳಿ, ಖರೇ ಐತಿ ಅಂದಳು. ಹಾಗಿದ್ದರೆ ಆಡುವಾಗ ಅವಳನ್ನೇ ಕ್ಯಾಮೆರಾದಲ್ಲಿ ತೆಗೆಯೋಣ ಎಂದು ಭಾಯಿ ಮುಂದೆ ಬಂದ. ಅದಕ್ಕೆ ಅವಳು ಸುತರಾಂ ಒಪ್ಪಲಿಲ್ಲ. ಮದುವೆಯಲ್ಲೇ ಕ್ಯಾಮೆರಾದ ಮುಂದೆ ತಲೆ ಎತ್ತದವಳು ಈಗ ಆಟದ ಮುಂದೆ ಕುಳಿತು ತೆಗೆಸಿಕೊಳ್ಳಬೇಕೇ ಎಂಬುದು ಅವಳ ವಾದ. ದಾರಿಯನ್ನು ಅವಳೇ ತೋರಿಸಿದಳು.

"ನನ್ನ ಧ್ವನಿ ಹಾಕು. ನನ್ನ ಧ್ವನಿ ಅಕಿಗೆ ಗುರತ ಸಿಗಂಗಿಲ್ಲೇನು?"

ಮೈಕು ಮತ್ತೆ ಬಂತು. ಮೈಕಿನ ಬೆನ್ನಿಗೆ ಮುಗ್ಗರಿಕೆಯೂ ಬಂತು. ಈ ಸಲ ಇನ್ನೊಂದು ಪಜೀತಿ. ಧ್ವನಿ ತಡೆಯಿಲ್ಲದೆ ಓಡುತ್ತಿತ್ತು, ಚಿತ್ರ ನಿಂತು ನಿಂತು ಬರುತ್ತಿತ್ತು. ಚಿಗವ್ವ ಬಾಜೂ ಸರೀರಿ ಎನ್ನುವ ಹೊತ್ತಿಗೆ ಎದುರಿನ ಕಾರು ಇನ್ನೂ ಪರದೆಗೇ ಬಂದಿರುತ್ತಿರಲಿಲ್ಲ. ಯಾರೂ ಇಲ್ಲದ ರಸ್ತೆಯಲ್ಲಿ ಯಾರನ್ನೋ ಸರಿಸುತ್ತಿದ್ದಾಳೆ ಎನಿಸುತ್ತಿತ್ತು.

ಭಾಯಿ ಕಂಪ್ಯೂಟರಿನ ಡಬ್ಬಿಯನ್ನೇ ಸ್ಕೂಟರಿನ ಮೇಲಿಟ್ಟುಕೊಂಡು ಅಂಗಡಿಗೆ ಒಯ್ದ. ಒಳಗಿನ ಎರಿ ಮಣ್ಣಿನ ಕಪ್ಪು ಧೂಳನ್ನು ಊದಿ ತೆಗೆದ. ಅಲ್ಲಿ ಅವನೇ ಆಡಿ, ಅವನೇ ಮಾತಾಡಿ ದಾಖಲಿಸಿದರೆ ಎಲ್ಲ ಸುರಳೀತ. ಮನೆಗೆ ತಂದು ಜೋಡಿಸಿದರೆ ಮೊದಲ ಓಟಕ್ಕೆ ಸರಿ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹಳೆಯ ಚಾಳಿ. ಅದೇ ಯಂತ್ರ, ಅದೇ ಆಟ. ಬಜಾರಿನಲ್ಲಿ ಗುಣ, ಮನೆಯಲ್ಲಿ ರೋಗ. ಭಾಯಿ ಮನೆಯ ಕರೆಂಟಿನ ಮೇಲೆ ಗುಮಾನಿ ಪಟ್ಟು ಸ್ಟೆಬಿಲೈಜರ್ ತಂದಿಟ್ಟ. ಅದು ಗುಂಯ್ ಎಂದದ್ದಷ್ಟೇ ಬಂತು. ಅವನು ಬಂದಾಗಲೆಲ್ಲ ಡಬ್ಬಿ ಚೊಕ್ಕವಾಗಿ, ಬರಿಮೈಯಲ್ಲಿ ಕುಳಿತಿರುತ್ತಿತ್ತು. ಅವನು ಹೋದ ಮೇಲೆ ಹಾಗಿರುತ್ತಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಉತ್ತರ ಊಟದ ಹೊತ್ತಿಗೆ ಬಂತು, ಅದೂ ದೂರಿನ ರೂಪದಲ್ಲಿ. ಸಂಜೆಯ ಊಟಕ್ಕೆ ಕುಳಿತ ಕಾಕಾ ರೊಟ್ಟಿ ಮುಗಿಸಿ, ಅನ್ನಕ್ಕೆ ಮೊಸರು ಹಾಕಿಸಿಕೊಂಡು, ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಇವತ್ತೂ ಗಾಡಿ ಓಡಿಸಿದಿ ಏನು?"

ಚಿಗವ್ವ ಹೌದೆಂದಳು.

"ಗೊತ್ತಾತು. ನಿನ್ನ ಗಾಡಿ ಓಡಿದ ದಿನ ಮಸರು ಹುಳಿ. ಅದನ್ನ ರೆಕಾರ್ಡ್ ಮಾಡಿದ ದಿನ ಅಂತೂ ಬಾಯಾಗ ಇಡೂ ಹಂಗಿಲ್ಲ. ಉಣ್ಣಬೇಕಾದ್ರ ನಿನ್ನ ರೇಸಿನ ಟೈಮ್‌ಟೇಬಲ್ ಕೇಳಬೇಕಾತು."

ಚಿಗವ್ವ ನಕ್ಕಳು. ನಾನು ನಗಲಿಲ್ಲ, ಏಕೆಂದರೆ ಸುದ್ದಿಮನೆಯಲ್ಲಿ ಕಲಿಸುವ ಮೊದಲ ಪಾಠ, ಒಬ್ಬ ಮನುಷ್ಯ ದೂರುವಾಗ ಅವನ ಸಿಟ್ಟು ಬಿಟ್ಟು ಉಳಿದದ್ದನ್ನು ಗಮನಿಸು ಎಂಬುದು. ಮೊಸರಿಗೆ ಹೆಪ್ಪು ಹಾಕಿ ಎಲ್ಲಿಡುತ್ತಿ ಎಂದು ಚಿಗವ್ವನನ್ನು ಕೇಳಿದೆ.

"ಇನ್ನೆಲ್ಲಿ? ನಿನ್ನ ಡಬ್ಬಿ ಹಿಂದ."

ಚಳಿಗಾಲದಲ್ಲಿ ಅಡುಗೆಮನೆ ತಣ್ಣಗಿದ್ದು ಮೊಸರು ಹೆಪ್ಪಾಗುತ್ತಿರಲಿಲ್ಲ. ಕಂಪ್ಯೂಟರ್ ಡಬ್ಬಿಯ ಹಿಂದೆ ಯಾವಾಗಲೂ ಬೆಚ್ಚಗೆ ಗಾಳಿ ಬರುವುದನ್ನು ಅವಳು ಕಂಡಿದ್ದಳು. ಮಧ್ಯಾಹ್ನ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಗೆ ತಾಟು ಮುಚ್ಚಿ, ಡಬ್ಬಿ ಮತ್ತು ಗೋಡೆಯ ನಡುವಿನ ಸಂದಿಯಲ್ಲಿಟ್ಟು, ಎರಡನ್ನೂ ಸೇರಿಸಿ ಒಂದು ಕವುದಿ ಹೊದಿಸುತ್ತಿದ್ದಳು. ಕವುದಿ ಕಂಪ್ಯೂಟರಿಗೆಂದೇ ಹೊಲಿದದ್ದು. ದೊಡ್ಡವ್ವ ಗಜೇಂದ್ರಗಡದಿಂದ ಕಳಿಸಿದ ಹಳೆಯ ಸೀರೆಗಳನ್ನು ಹರಿದು, ಪದರ ಪದರ ಕೂಡಿಸಿ ಹಾಕಿದ ಹೊಲಿಗೆ. ಮುಂಭಾಗದಲ್ಲಿ ಗುಂಡಿ ಒತ್ತಲು ಒಂದು ಕಿಂಡಿ ಬಿಟ್ಟಿದ್ದಳು. ಧೂಳು ಕೂಡಬಾರದು, ಬಂದವರ ದೃಷ್ಟಿ ತಾಗಬಾರದು ಎಂದು ಅದರ ಉದ್ದೇಶ. ಅದು ಅಲ್ಲಿ ಎಷ್ಟು ದಿನದಿಂದ ಇತ್ತೆಂದರೆ ನಮ್ಮ ಕಣ್ಣಿಗೆ ಅದು ಡಬ್ಬಿಯ ಮೈಯೇ ಆಗಿಬಿಟ್ಟಿತ್ತು. ಭಾಯಿ ಬರುತ್ತಾನೆ ಎಂದರೆ ಮಾತ್ರ, ಪರರ ಎದುರಿಗೆ ಮೊಸರಿನ ಪಾತ್ರೆ ಯಾಕೆಂದು ಎರಡನ್ನೂ ಎತ್ತಿಡುತ್ತಿದ್ದಳು.

ಮಾರನೆಯ ದಿನ ಆಟ ನಡೆದಿರುವಾಗಲೇ ಕವುದಿ ಸರಿಸಿ ಕೈಯಿಟ್ಟೆ. ರೊಟ್ಟಿ ಇಳಿಸಿದ ಹಂಚಿನಂತಿತ್ತು. ಭಾಯಿಯನ್ನು ಕರೆದು, ಈ ಸಲ ಏನನ್ನೂ ಎತ್ತಿಡದೆ ತೋರಿಸಿದೆ. ಅವನು ಬಗ್ಗಿ ನೋಡಿದ, ಪಾತ್ರೆಯ ತಾಟು ತೆಗೆದು ನೋಡಿದ, ಮುಚ್ಚಿದ. ಒಳಗಿನ ಚಿಪ್ಪು ತೀರಾ ಕಾದರೆ ಸುಟ್ಟುಹೋಗಬಾರದೆಂದು ತಾನೇ ನಿಧಾನವಾಗುತ್ತದೆ ಎಂದು ಹೇಳಿದ. ಬರೀ ಆಟವಾದರೆ ನಿಧಾನವಾದದ್ದು ಗೊತ್ತಾಗುತ್ತಿರಲಿಲ್ಲ. ದಾಖಲೆ, ಅದರ ಮೇಲೆ ಧ್ವನಿ ಸೇರಿದಾಗ ಕಾಲು ಸೋಲುತ್ತಿತ್ತು. ನಂತರ ಚಿಗವ್ವನ ಕಡೆ ತಿರುಗಿ ಗಂಭೀರವಾಗಿ, "ಅವ್ವಾರ, ಮಷಿನ್ನಿಗೆ ಜ್ವರ ಬರಿಸಿ ಮಸರು ಮಾಡೀರಲ್ರಿ," ಎಂದ.

ಚಿಗವ್ವನಿಗೆ ನಿಜವಾಗಿ ಕೆಡುಕೆನಿಸಿತು. ಜೋಪಾನ ಮಾಡಲು ಹೊದಿಸಿದ್ದು ಉಸಿರು ಕಟ್ಟಿಸಿದೆ ಎಂಬುದನ್ನು ಒಪ್ಪಲು ಅವಳಿಗೆ ಹೊತ್ತು ಹಿಡಿಯಿತು. ಡಬ್ಬಿಯನ್ನು ಹಾಗೇ ಬಿಟ್ಟರೆ ಕೂಸನ್ನು ಬರಿಮೈಯಲ್ಲಿ ಕೂರಿಸಿದಂತಾಗುತ್ತದೆ ಎಂದಳು. ಕೊನೆಗೆ ಕವುದಿಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಹಾಸಿಕೊಂಡಳು. ಮೊಸರಿನ ಪಾತ್ರೆ ಒಲೆಯ ಬದಿಗೆ ಹೋಯಿತು. ಡಬ್ಬಿಯನ್ನು ಗೋಡೆಯಿಂದ ಈಚೆ ಎಳೆದೆವು. ಚಿಗವ್ವ ಕವುದಿಯ ಮೇಲೆ ಕುಳಿತು, ಮೈಕನ್ನು ಹತ್ತಿರ ಸರಿಸಿಕೊಂಡು, ಗುಡ್ಡ ಇಳಿದಳು. ಒಂದೇ ಓಟ. ಚಿತ್ರ ಎಲ್ಲಿಯೂ ಮುಗ್ಗರಿಸಲಿಲ್ಲ. ಬಾಜೂ ಸರೀರಿ ಎಂದಾಗ ಕಾರುಗಳು ಎದುರಿಗೇ ಇದ್ದವು.

ಆ ಸೀಡಿ ಒಯ್ದ ದಿನ ನನಗೆ ಗಜೇಂದ್ರಗಡದಲ್ಲಿ ಬೇರೆ ಕೆಲಸವಿರಲಿಲ್ಲ. ದೊಡ್ಡವ್ವ ಮೊದಲಿನಂತೆಯೇ ಚಷ್ಮಾ ಒರೆಸಿಕೊಂಡು ಕುಳಿತಳು. ಕಾರು ಹೊರಟಿತು. ಮೊದಲ ತಿರುವಿಗೆ ಚಿಗವ್ವನ ಧ್ವನಿ ಬಂತು. ದೊಡ್ಡವ್ವನ ಕೈ ಮೊಣಕಾಲ ಮೇಲೆ ನಿಂತಿತು. ಎರಡನೆಯ ಸಲ ಬಂದಾಗ ಸೆರಗು ಬಾಯಿಗೆ ಹೋಯಿತು. ಅಳುತ್ತಿದ್ದಾಳೆ ಅಂದುಕೊಂಡೆ; ನಗುತ್ತಿದ್ದಳು.

"ಅವತ್ತೂ ಹಿಂಗ ಅನಕೋತ ಹೋದಳು," ಎಂದಳು. "ಸೈಕಲ್ಲಿಗೆ ಗಂಟಿ ಇರಲಿಲ್ಲ. ಓಣ್ಯಾಗ ಒಂದ ಮನಶ್ಯಾ ಇಲ್ಲ. ಕೋಳಿ ಅಡ್ಡಾಡತಿದ್ವು. ಕೋಳಿಗೆ ಸರೀರಿ, ಸರೀರಿ ಅನಕೋತ ಬಾವಿ ತನಕ ಹೊಡಕೊಂಡ ಹೋದಳು."

ಹಾಗಾದರೆ ಅವಳು ಸೈಕಲ್ ಹೊಡೆದದ್ದು ನಿಜವೇ ಎಂದು ಕೇಳಿದೆ. ಹೇಳಿಕೆಯನ್ನು ಖಚಿತಪಡಿಸಿಕೊಳ್ಳಲೇಬೇಕಲ್ಲ.

ನಿಜವಲ್ಲದೆ ಏನು ಎಂದಳು. ಅಂದು ಅಪ್ಪ ಹೊಲದಿಂದ ಬಂದು ಕೇಳಿದಾಗ, ತಂಗಿ ಸೈಕಲ್ ಹತ್ತಿದ್ದಳು ಎಂದು ಹೇಳಿದ್ದರೆ ಅವಳ ಸಾಲಿ ಕಲಿಯುವುದು ಅಂದಿಗೇ ಮುಗಿಯುತ್ತಿತ್ತು. ಅದಕ್ಕೇ ನೂಕಿಕೊಂಡು ಹೋಗುತ್ತಿದ್ದಳು ಎಂದಳಂತೆ. ಅಪ್ಪ ನಂಬಿದ. ಅಪ್ಪ ಇರುವ ತನಕ ಅದನ್ನೇ ಹೇಳಬೇಕಾಯಿತು. ಅಪ್ಪ ಹೋದ ಮೇಲೆ ಬದಲಿಸಬಹುದಿತ್ತು. ಆದರೆ ಅಷ್ಟರಲ್ಲಿ ತಂಗಿ ಸಿಟ್ಟಿಗೇಳುವುದು ನೋಡಲು ಚೆಂದ ಎನಿಸತೊಡಗಿತ್ತು.

ಇದನ್ನು ಅವಳಿಗೇ ಹೇಳು ಎಂದೆ. ಬರೆದುಕೊಂಡು ಹೋಗುವುದು ನಿನ್ನ ಕೆಲಸ, ನೀನೇ ಹೇಳು ಎಂದಳು. ನಾನು ಒಪ್ಪದೆ ರೋಣಕ್ಕೆ ಫೋನು ಹಚ್ಚಿ ಕೈಗೆ ಕೊಟ್ಟೆ. ಬಹಳ ಮಾತಿರಲಿಲ್ಲ. "ನೋಡಿದೆ," ಎಂದಳು. ಆಮೇಲೆ, "ಸೈಕಲ್ಲೂ ನೋಡೀನಿ ಅವತ್ತ. ಚಲೋ ಹೊಡದಿದ್ದಿ." ಅಷ್ಟು ಹೇಳಿ, ಮೊಣಕಾಲಿನ ಎಣ್ಣೆ ತೀರಿದೆ, ಮುಂದಿನ ಸಲ ಇವನ ಕೈಯಲ್ಲಿ ಕಳಿಸು ಎಂದು ಮಾತು ಬದಲಿಸಿದಳು.

ನಾನು ರೋಣ ಮುಟ್ಟಿದಾಗ ಸಂಜೆಯಾಗಿತ್ತು. ಕಾಕಾ ಊಟಕ್ಕೆ ಕುಳಿತಿದ್ದರು, ಒಲೆಯ ಬದಿಯ ಮೊಸರು ಇನ್ನೂ ನೀರು ನೀರಾಗಿದೆ ಎಂದು ದೂರುತ್ತಿದ್ದರು. ಚಿಗವ್ವ ನನ್ನ ಮುಂದೆ ತಾಟು ಇಟ್ಟು, ರೊಟ್ಟಿ ಹಾಕಿ, ಪಲ್ಯ ಬಡಿಸಿ, ಎದುರಿಗೆ ಕುಳಿತಳು. ಅಕ್ಕ ಮೊದಲು ಏನಂದಳು, ಆಮೇಲೆ ಏನಂದಳು ಎಂದು ಪೂರ್ತಿ ಹೇಳಿಸಿಕೊಂಡಳು. ಕೋಳಿಯ ಮಾತಿಗೆ ತಲೆಯಾಡಿಸಿದಳು. ಸಾಲಿಯ ಮಾತನ್ನು ಇನ್ನೊಮ್ಮೆ ಹೇಳಿಸಿ ಕೇಳಿದಳು.

"ಎಲ್ಲೀ ತನಕ ಹೊಡದೆ ಅಂದಳು?" ಎಂದು ಕೊನೆಗೆ ಕೇಳಿದಳು.

ಬಾವಿಯ ತನಕ ಎಂದೆ.

ಚಿಗವ್ವ ಎದ್ದು, ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಸುಳ್ಳ ಹೇಳತಾಳ," ಎಂದಳು. "ಬಾವಿ ದಾಟಿ ಹೋಗಿದ್ದೆ ನಾ."