ಅತ್ತೆ ಬರೆದ ಚೂರುಗಳು

ಬೆಚ್ಚಗಾದ ಹಳೆಯ ಮರದ ವಾಸನೆಗೆ ಡಾಂಬರ್ ಗುಳಿಗೆಯ ವಾಸನೆ ಬೆರೆತು ಎಲ್ಲಾದರೂ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ. ಮೊನ್ನೆ ವಾಶಿಯಲ್ಲಿ ಹಳೆಯ ಮೇಜು ಕುರ್ಚಿ ಮಾರುವ ಅಂಗಡಿಯೊಂದರ ಮುಂದೆ ಹಾಗೆಯೇ ಆಯಿತು. ಅಂಗಡಿಯವನು ಏನು ಬೇಕು ಎಂದು ಹಿಂದಿಯಲ್ಲಿ ಕೇಳುತ್ತಲೇ ಇದ್ದ. ನಾನು ಡೊಂಬಿವಲಿಯ ನಮ್ಮ ಮೂರನೆಯ ಮಹಡಿಯ ಮನೆಗೆ ಹೋಗಿಬಿಟ್ಟಿದ್ದೆ. ಅಲ್ಲಿ ಹಾಲಿನ ಅರ್ಧ ಗೋಡೆಯನ್ನು ಒಂದು ಪಿಯಾನೋ ನುಂಗಿ ನಿಂತಿತ್ತು. ಮಳೆಗಾಲದ ತೇವಕ್ಕೆ ಮರ ಉಬ್ಬಿ ಸ್ವರದ ಮನೆಗಳು ಕಚ್ಚಿಕೊಳ್ಳಬಾರದೆಂದು ಸುಮತಿ ಅತ್ತೆ ಅದರ ಹೊಟ್ಟೆಯೊಳಗೆ ಒಂದು ಸಣ್ಣ ಬಲ್ಬು ಉರಿಸಿಡುತ್ತಿದ್ದಳು, ಹುಳ ಹಿಡಿಯದಿರಲೆಂದು ಮೂಲೆಮೂಲೆಗೆ ಡಾಂಬರ್ ಗುಳಿಗೆ ಇಡುತ್ತಿದ್ದಳು. ಜುಲೈ ತಿಂಗಳಲ್ಲಿ ಶಾಲೆಯಿಂದ ನೆನೆದು ಬಂದು ಅದರ ಬದಿಗೆ ಬೆನ್ನು ಒತ್ತಿ ಕೂತರೆ ಹಸುವಿಗೆ ಒರಗಿ ಕೂತ ಹಾಗೆ ಬೆಚ್ಚಗಾಗುತ್ತಿತ್ತು. ನನ್ನ ಯೂನಿಫಾರ್ಮಿನಲ್ಲಿ ಯಾವಾಗಲೂ ಆ ವಾಸನೆ ಇರುತ್ತಿತ್ತು.

ಅಜ್ಜಿಗೆ ಮಾತ್ರ ಆ ಪಿಯಾನೋದ ಮೇಲೆ ಮೊದಲ ದಿನದಿಂದಲೂ ಗುಮಾನಿ. ಠಾಣೆ ಪಟ್ಟಣದಲ್ಲಿ ಅತ್ತೆಗೆ ಪಿಯಾನೋ ಪಾಠ ಹೇಳುತ್ತಿದ್ದ ಕ್ರಿಶ್ಚಿಯನ್ ಟೀಚರೊಬ್ಬರು ಮಕ್ಕಳ ಜೊತೆ ಇರಲು ಪರದೇಶಕ್ಕೆ ಹೊರಟಾಗ ಅದನ್ನು ಅತ್ತೆಗೆ ಕೊಟ್ಟುಹೋಗಿದ್ದರು. "ಇಷ್ಟು ದೊಡ್ಡದನ್ನು ಯಾರಾದರೂ ಸುಮ್ಮನೆ ಕೊಡ್ತಾರಾ? ಅದರೊಳಗೆ ಎಂತದೋ ಉಂಟು" ಎಂದು ಅಜ್ಜಿ ಅದರ ಮುಂದೆ ಹಾಯುವಾಗ ಸೆರಗು ಬಿಗಿ ಹಿಡಿದುಕೊಳ್ಳುತ್ತಿದ್ದರು. ಅನುಮಾನ ನಮ್ಮ ಮನೆತನಕ್ಕೇ ಅಂಟಿದ ಗುಣವೆಂದು ಕಾಣುತ್ತದೆ. ಕಲ್ಯಾಣದಲ್ಲಿ ಹೋಟೆಲು ನಡೆಸುತ್ತಿದ್ದ ಅಪ್ಪ ಹಾಲಿನವನನ್ನು ನಂಬುತ್ತಿರಲಿಲ್ಲ, ಹಾಲನ್ನೂ ನಂಬುತ್ತಿರಲಿಲ್ಲ. ಮನೆಗೆ ಬಂದರೂ ಕಾಫಿಯನ್ನು ಮೂಸಿಯೇ ಕುಡಿಯುತ್ತಿದ್ದರು. ಅಮ್ಮ ಯಾರದ್ದಾದರೂ ಫೋನು ಬಂದರೆ ಮೊದಲು "ಯಾಕೆ?" ಎನ್ನುತ್ತಿದ್ದಳು, ಆಮೇಲೆ "ಹಲೋ". ಇವರಿಬ್ಬರ ಮಗಳಾದ ನಾನು ಇನ್ನು ಹೇಗಿರಲಿ? ಬಾಗಿಲ ಸಂದಿ, ಅರ್ಧಕ್ಕೆ ನಿಂತ ಮಾತು, ದೊಡ್ಡವರ ಮುಖದಲ್ಲಿ ಬಂದು ಹೋಗುವ ಬಣ್ಣ, ಇವೆಲ್ಲ ನನಗೆ ಶಾಲೆಯ ಪಾಠಕ್ಕಿಂತ ಚೆನ್ನಾಗಿ ಅರ್ಥವಾಗುತ್ತವೆಂದು ಹತ್ತನೆಯ ವಯಸ್ಸಿಗೇ ತಿಳಿದುಕೊಂಡಿದ್ದೆ.

ಸುಮತಿ ಅತ್ತೆ ಅಪ್ಪನ ತಂಗಿ. ಮದುವೆಯಾಗಿರಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಳು. ಸಂಜೆ ಸುತ್ತಲಿನ ಬಿಲ್ಡಿಂಗಿನ ಮಕ್ಕಳು ಪಿಯಾನೋ ಕಲಿಯಲು ಬರುತ್ತಿದ್ದರು. ಅಂಗಡಿಯಲ್ಲಿ ಸಿಗುವ ಪಾಠದ ಪುಸ್ತಕಗಳು ಅವಳಿಗೆ ಹಿಡಿಸುತ್ತಿರಲಿಲ್ಲ. "ನಮ್ಮ ಮಕ್ಕಳು ಹಿಮವೇ ನೋಡಲಿಲ್ಲ, ಹಿಮದ ಹಾಡು ಎಂತಕ್ಕೆ?" ಎಂದು ತಾನೇ ಸಣ್ಣ ಸಣ್ಣ ಹಾಡು ಕಟ್ಟುತ್ತಿದ್ದಳು. ಅವಕ್ಕೆ ಅವಳ ಬಾಯಲ್ಲಿ 'ಚೂರು' ಎಂದು ಹೆಸರು. ಹೊಸದಾಗಿ ಬಂದ ಮಗುವನ್ನು ಮೊದಲ ದಿನ ಪಿಯಾನೋ ಮುಟ್ಟಲು ಬಿಡದೆ ಅಡಿಗೆಮನೆಯ ಕಟ್ಟೆಯ ಮುಂದೆ ನಿಲ್ಲಿಸಿ, ಸ್ಟೀಲಿನ ಡಬ್ಬಿಯ ಮುಚ್ಚಳದ ಮೇಲೆ ಬೆರಳು ಆಡಿಸು ಎನ್ನುವಳು. ಯಾವ ಬೆರಳು ಅಂಜುತ್ತದೆ, ಯಾವುದು ಪಕ್ಕದ್ದರ ಹಿಂದೆ ಅಡಗುತ್ತದೆ ಎಂದು ನೋಡಿಕೊಂಡು, ಮರುವಾರದೊಳಗೆ ಆ ಬೆರಳಿಗೇ ಕೆಲಸ ಹಚ್ಚುವ ಒಂದು ಚೂರು ಬರೆದಿಡುವಳು. ದಿವಾ ಸ್ಟೇಷನ್ನಿನಲ್ಲಿ ಸಿಗ್ನಲ್ಲಿಗೆ ಕಾಯುವ ಲೋಕಲ್ ರೈಲು, ಒಗ್ಗರಣೆಗೆ ಸಿಡಿಯುವ ಸಾಸಿವೆ, ಲಿಫ್ಟಿನಲ್ಲಿ ಸಿಕ್ಕಿಕೊಂಡ ಬೆಕ್ಕು, ಎಲ್ಲವೂ ಅವಳ ಕೈಯಲ್ಲಿ ಹಾಡಾಗುತ್ತಿತ್ತು. ಮೇಲಿನ ಸಾಲು ಮಗುವಿನದು, ಐದೇ ಸ್ವರ. ಕೆಳಗಿನದು ಟೀಚರ್ ಪಾರ್ಟ್. ಮಗು ತಡವರಿಸಿ ತಡವರಿಸಿ ಒತ್ತುತ್ತಿದ್ದರೆ ಅತ್ತೆ ಪಕ್ಕದಲ್ಲಿ ಕೂತು ಕೆಳಗಿನ ಸಾಲನ್ನು ತುಂಬಿಕೊಡುತ್ತಿದ್ದಳು. ಆಗ ಆ ಬಡ ಐದು ಸ್ವರಕ್ಕೆ ಒಂದು ಮನೆ, ಒಂದು ಅಂಗಳ ಸಿಕ್ಕಿದಂತಾಗಿ ಮಗು ತನ್ನ ಕೈಯನ್ನೇ ಬೆರಗಿನಿಂದ ನೋಡಿಕೊಳ್ಳುತ್ತಿತ್ತು. ಆ ಬೆರಗನ್ನು ನಾನೂ ಅನುಭವಿಸಿದ್ದೇನೆ, ಅಂಥದ್ದು ಮತ್ತೆ ಸಿಕ್ಕಿಲ್ಲ.

ನಮ್ಮ ಉಡುಪಿ ಕಡೆಯವರ ಮಕ್ಕಳದ್ದು ಮಾತ್ರ ಒಂದು ವಿಚಿತ್ರ ರೋಗ. ಶುಕ್ರವಾರದ ಭಜನೆಗೆ ಅಜ್ಜಿ ನಮಗೆಲ್ಲ ಹಾರ್ಮೋನಿಯಂ ಕಲಿಸಿದ್ದರು. ಬಲಗೈ ಸ್ವರಕ್ಕೆ, ಎಡಗೈ ತಿದಿ ಒತ್ತುವುದಕ್ಕೆ. ಪಿಯಾನೋದ ಮುಂದೆ ಕೂತರೂ ನಮ್ಮ ಎಡಗೈ ಇಲ್ಲದ ತಿದಿಯನ್ನು ಹುಡುಕಿಕೊಂಡು ಗಾಳಿ ಬೀಸುತ್ತಿತ್ತು. ಮರಾಠಿ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅತ್ತೆಗೂ ಹಾರ್ಮೋನಿಯಂ ಕಲಿಸಿದ್ದು ಅಜ್ಜಿಯೇ. ಹಾಗಾಗಿ ಒಂದು ಮಳೆಗಾಲದಿಂದ ಅವಳ ಎಡಗೈಯೂ ಮಡಿಲಲ್ಲಿ ಮೆಲ್ಲಗೆ ಆಡತೊಡಗಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಅತ್ತೆಗೆ ತಿದಿ ಹತ್ತಿದೆ" ಎಂದು ನಾನು ತಮಾಷೆ ಮಾಡಿದರೆ ಅವಳೂ ನಕ್ಕು ಕೈಯನ್ನು ಸೀರೆಯ ನೆರಿಗೆಯೊಳಗೆ ಇಟ್ಟುಕೊಳ್ಳುತ್ತಿದ್ದಳು.

ನಮ್ಮ ಗುಮಾನಿ ಹೋದದ್ದೆಲ್ಲ ಬೇರೆ ದಾರಿಯಲ್ಲಿ. ತಿಂಗಳಿಗೊಮ್ಮೆ ಅತ್ತೆ ಮಧ್ಯಾಹ್ನದ ಲೋಕಲ್ ಹಿಡಿದು ಠಾಣೆಗೆ ಹೋಗತೊಡಗಿದ್ದಳು. ಕೇಳಿದರೆ ಪಿಯಾನೋ ತಂತಿಯ ವಿಚಾರ ಎನ್ನುತ್ತಿದ್ದಳು. ಪಿಯಾನೋಗೆ ಶ್ರುತಿ ಮಾಡಲು ಬರುತ್ತಿದ್ದ ಫರ್ನಾಂಡಿಸರ ಮನೆ ಇದ್ದದ್ದೂ ಠಾಣೆಯಲ್ಲೇ. ಅವರು ಹೆಂಡತಿ ಇಲ್ಲದ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ ತೊಡುತ್ತಿದ್ದರು. ಅಮ್ಮನಿಗೆ ಇಷ್ಟು ಸಾಕಾಯಿತು. "ತಂತಿ ಅಂತೆ ತಂತಿ. ನಿಮ್ಮ ತಂಗಿಯನ್ನು ಒಂದು ಮಾತು ಕೇಳಿ, ನಾಳೆ ಊರಿಡೀ ಮಾತಾಡ್ತದೆ" ಎಂದು ಅಡಿಗೆಮನೆಯಲ್ಲಿ ಅಪ್ಪನನ್ನು ಕುಟುಕುವುದು ನನಗೆ ಕೇಳುತ್ತಿತ್ತು. ಅಪ್ಪ ಕೇಳಲಿಲ್ಲ, ಅದರ ಬದಲು ಅತ್ತೆಯ ಮುಖವನ್ನೂ ಕಾಫಿಯಂತೆ ಮೂಸಿ ನೋಡತೊಡಗಿದರು. ನನ್ನ ಹತ್ತಿರ ಇವರಿಗಿಂತ ದೊಡ್ಡ ಸಾಕ್ಷಿ ಇತ್ತು. ಅತ್ತೆ ಹೊಸದಾಗಿ ಬರೆಯುತ್ತಿದ್ದ ಚೂರುಗಳಲ್ಲಿ ಟೀಚರ್ ಪಾರ್ಟ್ ಸೊರಗುತ್ತಾ ಬಂದಿತ್ತು. ಮೊದಲು ನಾಲ್ಕು ಸ್ವರ ಇದ್ದಲ್ಲಿ ಎರಡು, ಆಮೇಲೆ ಒಂದು, ಆಮೇಲೆ ಬರೀ ಮಗುವಿನ ಸಾಲು. ಇನ್ನು ಈ ಮಕ್ಕಳು ಒಬ್ಬರೇ ನುಡಿಸಿಕೊಳ್ಳಬೇಕು, ಅವಳು ಪಕ್ಕದಲ್ಲಿ ಇರುವುದಿಲ್ಲ, ಅತ್ತೆ ನಮ್ಮನ್ನು ಬಿಟ್ಟು ಹೋಗುವ ತಯಾರಿಯಲ್ಲಿದ್ದಾಳೆ ಎಂದು ನಾನು ಓದಿಕೊಂಡೆ. ನನಗೆ ಊಟ ಸೇರದಾಯಿತು. ಅಮ್ಮನಿಗಿಂತ ಒಂದು ಪಾಲು ಹೆಚ್ಚೇ ಅವಳನ್ನು ಹಚ್ಚಿಕೊಂಡವಳು ನಾನು.

ಒಂದು ಸಂಜೆ ತಡೆಯಲಾರದೆ ಕೇಳಿಯೇ ಬಿಟ್ಟೆ. "ಅತ್ತೇ, ನೀನು ಹೋಗ್ತಿಯಾ?" ಅವಳು ಪೆನ್ಸಿಲ್ ಕೆಳಗಿಟ್ಟು ನನ್ನತ್ತ ತಿರುಗಿದಳು. "ಯಾರು ಹೇಳಿದ್ದು ನಿನಗೆ?" ಎಂದ ಅವಳ ದನಿಯಲ್ಲೂ ಅದೇ ನಮ್ಮ ಮನೆಯ ಅನುಮಾನವಿತ್ತು. ಯಾರೂ ಇಲ್ಲ ಎಂದೆ. ಅವಳು ಮತ್ತೆ ಪೆನ್ಸಿಲ್ ಎತ್ತಿಕೊಂಡಳು.

ಆ ವರ್ಷ ನಮ್ಮ ಬಿಲ್ಡಿಂಗ್ ಸೊಸೈಟಿಯ ಗಣಪತಿ ಹಬ್ಬಕ್ಕೆ ಕೆಳಗೆ ಪಾರ್ಕಿಂಗಿನಲ್ಲಿ ಪರದೆ ಕಟ್ಟಿ ಮಕ್ಕಳ ಕಾರ್ಯಕ್ರಮ ಇಟ್ಟಿದ್ದರು. ಪಿಯಾನೋ ಇಳಿಸಲಾಗದೆಂದು ಯಾರದ್ದೋ ಕೀಬೋರ್ಡ್ ತಂದಿಟ್ಟಿದ್ದರು. ಅತ್ತೆಯ ಶಿಷ್ಯೆ ಗೌರಿ, ಎರಡನೆಯ ಮಹಡಿಯ ಮರಾಠಿ ಹುಡುಗಿ, ಸಾಸಿವೆಯ ಚೂರು ನುಡಿಸಬೇಕಿತ್ತು. ಅದು ಹಳೆಯ ಚೂರು, ಟೀಚರ್ ಪಾರ್ಟ್ ತುಂಬಿ ತುಳುಕುವಂಥದ್ದು. ಸೊಸೈಟಿಯ ಚೇರ್ಮನ್ನರು ಯಾರನ್ನೂ ಕೇಳದೆ ಮೈಕು ಹಿಡಿದು, "ಆತಾ ಟೀಚರ್ ಪಣ್ ವಾಜವಣಾರ್!" ಎಂದರು. ಟೀಚರೂ ನುಡಿಸುತ್ತಾರಂತೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಕೈಯಾಡಿಸಿ ಬೇಡವೆಂದಳು. ಗೌರಿ ಬಂದು ಸೆರಗು ಹಿಡಿದು ಎಳೆದಳು. ಹೋಗಿ ಕೂತ ಅತ್ತೆ ಬಲಗೈಯೊಂದರಲ್ಲೇ ಅಷ್ಟಿಷ್ಟು ಸ್ವರ ಸೇರಿಸುತ್ತಿದ್ದಳು. ಎಡಗೈ ಮಡಿಲಲ್ಲಿ ಆಡುತ್ತಿತ್ತು. "ಪೇಟಿಚೀ ಸವಯ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಾರ್ಮೋನಿಯಮ್ಮಿನ ಚಟ ಬಿಟ್ಟಿಲ್ಲವೆಂದು ಇಡೀ ಪಾರ್ಕಿಂಗ್ ನಕ್ಕಿತು. ಅಮ್ಮ ನಕ್ಕಳು, ನಾನೂ ನಕ್ಕೆ. ಚೂರು ಮುಗಿಯಿತು, ಗೌರಿ ಎದ್ದು ಎಲ್ಲರಿಗೂ ಕೈ ಮುಗಿದಳು. ಅತ್ತೆಯ ಎಡಗೈ ಆಡುತ್ತಲೇ ಇತ್ತು.

ನಕ್ಕಿರದವರು ಅಜ್ಜಿಯೊಬ್ಬರೇ. ಅವರು ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಎಲ್ಲರೆದುರು ಮಗಳ ಪಕ್ಕದಲ್ಲಿ ಕೂತು, ಆ ಕೈಯನ್ನು ತಮ್ಮ ಎರಡೂ ಕೈಯೊಳಗೆ ಮುಚ್ಚಿ ಹಿಡಿದರು. ಮನೆಗೆ ಬಂದ ಮೇಲೆ ಅಮ್ಮ ಏನೋ ಕೇಳಹೊರಟರೆ ಅಜ್ಜಿ ಸಿಡುಕಿದರು: "ತಿದಿಯ ಕೈ ಹಾಡುವ ಪದದ ಜೊತೆ ಹೋಗಿ ಪದದ ಜೊತೆ ನಿಲ್ತದೆ. ಪದ ನಿಂತರೂ ಇವಳ ಕೈ ನಿಲ್ಲಲಿಲ್ಲ. ನಿಮಗೆ ಯಾರಿಗೂ ಕಣ್ಣಿಲ್ಲವಾ?" ಅತ್ತೆ ಪಿಯಾನೋದ ಸ್ಟೂಲಿನ ಮೇಲೆ ಕೂತಿದ್ದಳು. ಠಾಣೆಯಲ್ಲಿ ನರದ ಡಾಕ್ಟರಿಗೆ ತೋರಿಸುತ್ತಿದ್ದೇನೆ, ಇದು ವಾಸಿಯಾಗುವ ಕಾಯಿಲೆಯಲ್ಲ, ಮೆಲ್ಲಗೆ ಬಲಗೈಗೂ ಬರುತ್ತದೆ ಎಂದಳು. ಇದನ್ನು ಅವಳು ಹೇಳಿದ್ದು ಮಗುವಿಗೆ ಪಾಠ ಹೇಳುವ ದನಿಯಲ್ಲೇ. "ಒಂದು ಮಾತು ಹೇಳಬಾರದಿತ್ತಾ ಸುಮತಿ?" ಎಂದು ಅಮ್ಮ ಅಳತೊಡಗಿದಳು. "ನೀವು ಫರ್ನಾಂಡಿಸರ ವಿಚಾರ ಬಿಟ್ಟು ಬೇರೆ ಎಂತ ಯೋಚಿಸಿದ್ರಿ? ಮತ್ತೆ, ಕೈ ನಡುಗುವವಳ ಹತ್ತಿರ ಮಕ್ಕಳನ್ನು ಯಾರು ಕಳಿಸ್ತಾರೆ? ಮಕ್ಕಳು ಬಾರದಿದ್ದರೆ ನನಗೆ ಎಂತ ಉಂಟು ಹೇಳಿ" ಎಂದಳು ಅತ್ತೆ. ಅಪ್ಪ ಬಾಲ್ಕನಿಗೆ ಹೋಗಿ ನಿಂತರು.

ಅವಳು ಹೆದರಿದ್ದೇ ನಿಜವಾಯಿತು. ಪರೀಕ್ಷೆ, ಟ್ಯೂಷನ್ನು, ಮನೆ ಬದಲು ಎಂದು ಒಂದೊಂದು ನೆಪ ಹೇಳಿ ಮಕ್ಕಳು ಕಡಿಮೆಯಾದರು. ಈ ರೋಗ ಅಂಟುತ್ತದೋ ಎಂಬ ಸಂಶಯವೂ ಕೆಲವರಿಗಿತ್ತು. ಉಳಿದ ಗೌರಿಯನ್ನು ಅತ್ತೆ ನಂಬಲಿಲ್ಲ. ಕನಿಕರಕ್ಕೆ ಬರುತ್ತಿದ್ದಾಳೋ ಏನೋ ಎಂದು ಕಷ್ಟದ ಚೂರುಗಳನ್ನು ಕೊಟ್ಟು ಅವಳನ್ನು ಗೋಳು ಹೊಯ್ದುಕೊಂಡಳು. ಒಂದು ದಿನ ಗೌರಿ ರೇಗಿ, "ಟೀಚರ್, ಯೇ ಬಹುತ್ ಬೇಕಾರ್ ಪೀಸ್ ಹೈ!" ಎಂದು, ಇದು ತೀರಾ ಕೆಟ್ಟ ಚೂರೆಂದು ಬೈದು ಹಾಳೆಯನ್ನು ಪಿಯಾನೋದ ಮೇಲೆ ಕುಕ್ಕಿದಾಗಲೇ ಅತ್ತೆಗೆ ಸಮಾಧಾನವಾಗಿ, ನಕ್ಕು ಚೂರನ್ನು ತಿದ್ದಿ ಕೊಟ್ಟದ್ದು. ಟೀಚರ್ ಪಾರ್ಟ್ ಮರಳಿ ಬಂತು, ಈಗ ಅದನ್ನು ನುಡಿಸುವವಳು ನಾನು.

ಬಲಗೈಗೂ ನುಡಿಸಲು, ಬರೆಯಲು ಆಗದಾದದ್ದು ನಾನು ಕಾಲೇಜಿಗೆ ಹೋಗುವ ಹೊತ್ತಿಗೆ. ಅಜ್ಜಿ ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಅತ್ತೆಯ ದನಿ ಇಳಿದಿತ್ತು, ಸ್ವರ ಹೇಳಲೂ ಆಗುತ್ತಿರಲಿಲ್ಲ. ಆದರೆ ಚೂರು ಕಟ್ಟುವುದು ನಿಂತಿರಲಿಲ್ಲ. ನನ್ನ ಎಡ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನನ್ನ ಬೆರಳುಗಳನ್ನೇ ಒಂದೊಂದಾಗಿ ಒತ್ತುತ್ತಿದ್ದಳು. ಹೆಬ್ಬೆರಳು ಒಂದನೆಯ ಸ್ವರ, ಕಿರುಬೆರಳು ಐದನೆಯದು. ಬಲಗೈಯಲ್ಲಿ ನಾನು ಬರೆದುಕೊಳ್ಳುತ್ತಿದ್ದೆ. ನಡುಗುವ ಒತ್ತು ಯಾವುದು, ಬೇಕೆಂದು ಒತ್ತಿದ್ದು ಯಾವುದು ಎಂದು ನನಗೆ ಗೊತ್ತಾಗುತ್ತಿತ್ತು. ಈಗ ಅತ್ತೆಯೂ ಇಲ್ಲ, ಆ ಬಿಲ್ಡಿಂಗೂ ಇಲ್ಲ, ಅಲ್ಲೊಂದು ಎತ್ತರದ ಟವರ್ ಎದ್ದಿದೆ. ಪಿಯಾನೋವನ್ನು ಅಪ್ಪ ಮುಂಬ್ರಾದ ಒಬ್ಬ ಮರಗೆಲಸದವನಿಗೆ ಕೊಟ್ಟರು, ಅವನು ಅದನ್ನು ಏನು ಮಾಡಿದನೋ ನಾನು ಕೇಳಲು ಹೋಗಲಿಲ್ಲ.

ಕೊನೆಯ ಚೂರು ಬಹಳ ಸಣ್ಣದು. ಒಂದನೆಯದು, ಮೂರನೆಯದು, ಎರಡನೆಯದು, ಹೀಗೆ ಸುತ್ತಿ ಬಳಸಿ ಹೊರಟ ಹಾಡು ಇನ್ನೇನು ಮುಗಿಯಬೇಕು, ಅತ್ತೆ ಒತ್ತುವುದನ್ನು ನಿಲ್ಲಿಸಿದಳು. "ಕೊನೆಗೆ ಯಾವುದು ಅತ್ತೇ?" ಎಂದೆ. ಅವಳು ಯಾವ ಬೆರಳನ್ನೂ ಒತ್ತಲಿಲ್ಲ. ಐದನ್ನೂ ಒಟ್ಟಿಗೆ ಮಡಚಿ, ಇದ್ದಷ್ಟು ಬಲದಿಂದ ನನ್ನ ಕೈಯನ್ನೇ ಹಿಡಿದುಕೊಂಡಳು. ಸ್ವರ ಹೇಳುತ್ತಿದ್ದಾಳೋ, ನನ್ನನ್ನು ಹಿಡಿದುಕೊಂಡಿದ್ದಾಳೋ ಎಂದು ತಿಳಿಯದೆ ನಾನು ಪೆನ್ಸಿಲ್ ಹಿಡಿದು ಕಾದೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ; ಆ ಕಾಯಿಲೆ ಮುಖದ ಮಾತನ್ನೂ ಕಿತ್ತುಕೊಳ್ಳುತ್ತದೆ. ನಾನೀಗ ಮಹಾಪೆಯ ಒಂದು ಆಫೀಸಿನಲ್ಲಿದ್ದೇನೆ, ಭಾನುವಾರ ಮನೆಯಲ್ಲಿ ಕೆಲವು ಮಕ್ಕಳಿಗೆ ಅವಳ ಚೂರುಗಳನ್ನು ಕಲಿಸುತ್ತೇನೆ. ಆ ಒಂದನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ, ಕೊನೆಯಲ್ಲಿ ಏನು ಬರೆಯಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.