ಎಡಚಕ್ಕನ ಗಂಟು

ಹೆಸರಿಗೆ ಅವಳು ಮಗ್ಗದ ಕಾರ್ಖಾನೆಯಲ್ಲಿ ಹೆಲ್ಪರ್. ಮಗ್ಗಗಳ ನಡುವಿನ ಹತ್ತಿ ಧೂಳು ಗುಡಿಸಬೇಕು, ನೇಕಾರರಿಗೆ ನೂಲು ಸುತ್ತಿದ ಕಂಡಿಕೆ ತಂದುಕೊಡಬೇಕು, ಅಷ್ಟೇ. ಆದರೆ ಹೊಸದಾಗಿ ಸೇರಿದ ಯಾರಾದರೂ ಕಡಿದ ಎಳೆ ಹಿಡಿದು ಪಿಳಿಪಿಳಿ ಕಣ್ಣು ಬಿಟ್ಟರೆ, ಪೊರಕೆ ಗೋಡೆಗೆ ಒರಗಿಸಿ ಪಕ್ಕಕ್ಕೆ ಬಂದು ಗಂಟು ಹಾಕುವುದನ್ನು ಕಲಿಸುವವಳು ಇವಳೇ. ಎಡಗೈಯವಳಾದ್ದರಿಂದ ಎಲ್ಲರ ಬಾಯಲ್ಲೂ ಎಡಚಕ್ಕ.

ಈಗ ಹೊಸಬರಿಗೆ ಕಲಿಸುವುದಕ್ಕೆಂದೇ ಒಂದು ಹುದ್ದೆ ಬಂತು. ಸೂಪರ್‌ವೈಸರ್ ಅದನ್ನು ತನ್ನ ಭಾವಮೈದುನನಿಗೆ ಕೊಡಿಸಲು ಹೊರಟ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದಂತೆ!

"ಹೋಗ್ಲಿ ಬಿಡೇ, ದೊಡ್ಡೋರ ಉಸಾಬರಿ ನಮಗ್ಯಾಕೆ?" ಎಂದಳು ಜೊತೆಗೇ ದುಡಿಯುವ ಅತ್ತಿಗೆ.

"ಬಿಟ್ಟೂ ಬಿಟ್ಟೂ ಪೊರಕೆ ಹಿಡ್ಕೊಂಡೇ ಮುದುಕಿ ಆಗ್ತಿದ್ದೀನಿ ಅತ್ತಿಗೆ," ಎಂದವಳೇ ಮ್ಯಾನೇಜರ್ ಕೋಣೆಗೆ ನುಗ್ಗಿದಳು. "ಆ ಕೆಲಸ ನನ್ನದು ಸಾರ್. ಇಷ್ಟು ವರ್ಷ ಮಾಡಿದ್ದು ನಾನು."

ಅಲ್ಲೇ ಇದ್ದ ಸೂಪರ್‌ವೈಸರ್ ಕಿಸಕ್ಕನೆ ನಕ್ಕ. "ಗುಡಿಸೋಳು ಗುರು ಆಗ್ತಾಳಂತೆ! ನೀನು ಕಲಿಸಿದ್ದಕ್ಕೆ ಸಾಕ್ಷಿ ಏನಮ್ಮಾ?"

"ಸಾಕ್ಷಿ ಒಳಗೆ ನಿಂತು ನೇಯ್ತಿದೆ. ಬನ್ನಿ, ತೋರಿಸ್ತೀನಿ."

ಮ್ಯಾನೇಜರ್ ಎದ್ದು ಬಂದ. ಅವಳು ಮೊದಲ ಮಗ್ಗದ ಎಳೆಯೊಂದನ್ನು ಪಟ್ಟನೆ ಕಡಿದಳು. ಅಲ್ಲಿದ್ದ ಹುಡುಗಿ ಬೆಚ್ಚಿಬಿದ್ದು ಗಂಟು ಹಾಕಿದಳು, ಎಡಗೈಯಲ್ಲಿ. ಪಕ್ಕದ ಮಗ್ಗದ ಎಳೆ ಕಡಿದರೆ ಅಲ್ಲೂ ಎಡಗೈ. ಆಚೆ ಸಾಲಿನ ಮೀಸೆಯ ನೇಕಾರ, ಅವನದೂ ಎಡಗೈ.

"ಇದೇನಮ್ಮಾ, ಇವರೆಲ್ಲ ಎಡಚರಾ?" ಎಂದ ಮ್ಯಾನೇಜರ್.

"ಅಲ್ಲ ಸಾರ್. ಬರೆಯೋದು, ಬೀಗ ತೆಗೆಯೋದು ಎಲ್ಲ ಬಲಗೈಯಲ್ಲೇ. ಗಂಟು ಮಾತ್ರ ನನ್ನಿಂದ ಕಲಿತದ್ದು. ನನಗೆ ಬಂದ ಹಾಗೆ ತಾನೇ ನಾನು ಕಲಿಸೋದು?"

ಸೂಪರ್‌ವೈಸರ್ ಇಂಗು ತಿಂದ ಮಂಗನಾದ. ಮ್ಯಾನೇಜರ್ ಗಡ್ಡ ಕೆರೆದುಕೊಂಡ. "ಸರಿ, ಮುಂದೆ ನೋಡೋಣ..."

"ನೋಡಿದ್ದಾಯ್ತಲ್ಲ ಸಾರ್, ಇನ್ನೇನು ನೋಡೋದು? ಈಗ್ಲೇ ಹೇಳಿ. ಇಲ್ಲಾಂದ್ರೆ ನಾನು ಗುಡಿಸ್ತೀನಿ, ಅಷ್ಟೇ. ಹೊಸಬರಿಗೆ ಇವರ ಭಾವಮೈದುನ ತೋರಿಸ್ಲಿ."

ಅಷ್ಟರಲ್ಲಿ, ನಿನ್ನೆ ತಾನೇ ಸೇರಿದ ಹುಡುಗಿಯೊಬ್ಬಳ ಎಳೆ ಕಡಿದು ಮಗ್ಗ ನಿಂತಿತು. ಹುಡುಗಿ ಅಳುಮುಖ ಮಾಡಿಕೊಂಡು ಎಡಚಕ್ಕನ ಕಡೆ ನೋಡಿದಳು. ಎಡಚಕ್ಕ ಹೆಜ್ಜೆ ಕದಲಿಸಲಿಲ್ಲ. ಈ ಸಲ ಕದಲಿದರೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು.

ನಿಂತ ಮಗ್ಗ ನೋಡಿ ಮ್ಯಾನೇಜರ್‌ಗೆ ಚಡಪಡಿಕೆ ಶುರುವಾಯಿತು. "ಆಯ್ತು ತಾಯಿ, ಕೆಲಸ ನಿನ್ನದೇ," ಎಂದು ಗೊಣಗಿದ.

"ಮಗ್ಗ ಎಲ್ಲ ನಿಲ್ಲಿಸಿ ಹೇಳಿ ಸಾರ್. ಈ ಸದ್ದಲ್ಲಿ ನನಗೊಬ್ಬಳಿಗೇ ಕೇಳಿಸ್ತು."

ಮಗ್ಗಗಳು ಒಂದೊಂದಾಗಿ ಸುಮ್ಮನಾದವು. ಮ್ಯಾನೇಜರ್ ಸನ್ನೆ ಮಾಡಿದ್ದಕ್ಕೆ ಸೂಪರ್‌ವೈಸರನೇ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಕಲಿಸುವ ಕೆಲಸ ಎಡಚಕ್ಕನದು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕಾಯಿತು. ಆಮೇಲೆಯೇ ಎಡಚಕ್ಕ ಆ ಹುಡುಗಿಯ ಪಕ್ಕಕ್ಕೆ ಹೋದದ್ದು.